ಒಂಟಿತನಕ್ಕೆ ಸೇವೆ ಮದ್ದಾಗಬಲ್ಲದೇ? ಹೊರಗುಳಿದವರ ಕಡೆಯಿಂದ ನೋಡಿದರೆ

ಒಂಟಿತನದ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಗೊಂದಲವಾಗುವುದು ಸಹಜ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಕೂಡುವ ವಿಶ್ವ ಆರೋಗ್ಯ ಸಭೆ ಜನರ ನಡುವಿನ ಸಂಬಂಧಗಳ ಕುರಿತು ಮೊದಲ ಬಾರಿಗೆ ಒಂದು ನಿರ್ಣಯ ಮಾಡಿತು. ಜೂನ್ 30ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ ವರದಿ ಹೊರಬಂತು. ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ಅದು ಹೇಳಿತು. ಒಂಟಿತನದ ಜೊತೆ ನಂಟಿರುವ ಸಾವುಗಳು ಗಂಟೆಗೆ ಸುಮಾರು 100, ವರ್ಷಕ್ಕೆ 8,71,000ಕ್ಕೂ ಹೆಚ್ಚು ಎಂದೂ ಅಂದಾಜು ಮಾಡಿತು. ಬ್ರಿಟನ್ 2018ರಲ್ಲೇ ಈ ವಿಷಯಕ್ಕೆ ಒಬ್ಬ ಸಚಿವರನ್ನು ನೇಮಿಸಿತ್ತು. ಜಪಾನಿನಲ್ಲಿ 2024ರ ಏಪ್ರಿಲ್ 1ರಿಂದ ಒಂಟಿತನದ ಬಗ್ಗೆ ಪ್ರತ್ಯೇಕ ಕಾನೂನೇ ಜಾರಿಯಲ್ಲಿದೆ.

ಓದಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ನ್ಯಾಯವಾದವು. ಒಂಟಿತನ ಅನ್ನುವುದು ಅವರವರ ಮನಸ್ಸಿಗೆ ಸಂಬಂಧಿಸಿದ್ದು ಅಲ್ವಾ? ಸರ್ಕಾರ ಯಾರಿಗಾದರೂ ಗೆಳೆಯರನ್ನು ಹುಡುಕಿಕೊಡಲು ಆಗುತ್ತದೆಯೇ? ಇನ್ನೊಂದು ವಿಷಯ ಇನ್ನೂ ಗೊಂದಲ ಹುಟ್ಟಿಸುತ್ತದೆ. ಶ್ರೀಮಂತ ದೇಶಗಳಲ್ಲಿ ಜನ ಒಬ್ಬೊಬ್ಬರೇ ಬದುಕುತ್ತಾರೆ, ಬಡ ದೇಶಗಳಲ್ಲಿ ಕೂಡಿ ಬಾಳುತ್ತಾರೆ, ಆದ್ದರಿಂದ ಒಂಟಿತನ ಶ್ರೀಮಂತರ ಕಾಯಿಲೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಆ ವರದಿಯ ಲೆಕ್ಕ ತಿರುಗಾಮುರುಗಾ ಇದೆ. ಕಡಿಮೆ ಆದಾಯದ ದೇಶಗಳಲ್ಲಿ ಸುಮಾರು 24% ಜನ ಒಂಟಿತನ ಅನುಭವಿಸುತ್ತಾರೆ. ಹೆಚ್ಚು ಆದಾಯದ ದೇಶಗಳಲ್ಲಿ ಇದು ಸುಮಾರು 11%.

ಈ ತಿರುಗಾಮುರುಗಾ ಲೆಕ್ಕವೇ ವಿಷಯದ ಬಾಗಿಲು. ಅಂಗವಿಕಲರು, ವಲಸಿಗರು, ನಿರಾಶ್ರಿತರು, ಲೈಂಗಿಕ ಅಲ್ಪಸಂಖ್ಯಾತರು, ಮೂಲನಿವಾಸಿಗಳು ಇಂಥವರಿಗೆ ಸಂಬಂಧ ಬೆಳೆಸುವುದೇ ಹೆಚ್ಚು ಕಷ್ಟ, ಅವರು ತಾರತಮ್ಯವನ್ನೂ ಎದುರಿಸಬೇಕು ಎಂದು ಅದೇ ವರದಿ ಹೇಳುತ್ತದೆ. ಇವರ ಒಂಟಿತನ ಸುಮ್ನೆ ಹುಟ್ಟಿದ್ದಲ್ಲ. ಅದನ್ನು ಹುಟ್ಟಿಸಿದವರು ಇದ್ದಾರೆ. ಹಾಗಾಗಿ ಇದಕ್ಕೆ ಕೊಡುವ ಸೇವೆಯೂ ಬೇರೆ ರೀತಿಯದಾಗಿರಬೇಕು.

ಆ ಅಂಕಿಗಳನ್ನು ಹೇಗೆ ಓದಬೇಕು

ಮೊದಲು ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು. ಒಬ್ಬರಿಗೆ ಎಷ್ಟು ಜನರ ಒಡನಾಟ ಇದೆ ಎನ್ನುವುದನ್ನು ಎಣಿಸಬಹುದು. ತಿಂಗಳಿಗೆ ಎಷ್ಟು ಜನ ಮಾತನಾಡಿಸಿದರು, ಕಷ್ಟ ಬಂದರೆ ಯಾರಿಗೆ ಫೋನ್ ಮಾಡುತ್ತಾರೆ ಎಂದು ಕೇಳಿದರೆ ಗೊತ್ತಾಗುತ್ತದೆ. ಒಂಟಿತನ ಹಾಗಲ್ಲ. ಬೇಕಾದ ಸಂಬಂಧಕ್ಕೂ ಇರುವ ಸಂಬಂಧಕ್ಕೂ ನಡುವೆ ಇರುವ ಅಂತರದ ನೋವು ಅದು. ಒಬ್ಬರೇ ಇದ್ದು ನೆಮ್ಮದಿಯಾಗಿರುವವರು ಉಂಟು. ತುಂಬಿದ ಮನೆಯಲ್ಲಿ ಒಂಟಿಯಾಗಿರುವವರೂ ಉಂಟು.

ಈ ನೋವಿನಲ್ಲೂ ಎರಡು ಬಗೆ ಇದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಬರೆದಿದ್ದರು. ಒಂದು, ಮನಸ್ಸು ಬಿಚ್ಚಿ ಮಾತನಾಡಲು ಆಪ್ತರು ಇಲ್ಲದ ನೋವು. ಇನ್ನೊಂದು, ತಾನೂ ಸೇರಿದ ಒಂದು ಬಳಗ ಇಲ್ಲದ ನೋವು. ಒಂದು ಇನ್ನೊಂದನ್ನು ತುಂಬುವುದಿಲ್ಲ. ಪ್ರೀತಿಸುವ ತಾಯಿ ಇದ್ದರೂ ಓರಗೆಯವರ ಗುಂಪಿಗೆ ಸೇರಲಾಗದ ಹುಡುಗನ ನೋವು ಹಾಗೆಯೇ ಉಳಿಯುತ್ತದೆ.

ಒಂಟಿತನ ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೆಟ್ಟದ್ದು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತನಾಡುವ ಮುಖ್ಯ ವೈದ್ಯರಾಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಹೊರಡಿಸಿದ ಸಲಹಾ ಪತ್ರದಿಂದ ಅದು ಎಲ್ಲೆಡೆ ಹಬ್ಬಿತು. ಅದರ ಬೇರು 2010ರ ಒಂದು ವಿಶ್ಲೇಷಣೆಯಲ್ಲಿದೆ. ಮನೋವಿಜ್ಞಾನಿ ಜೂಲಿಯಾನ್ ಹೋಲ್ಟ್ ಲನ್‌ಸ್ಟಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ್ದರು. ಗಟ್ಟಿಯಾದ ಸಂಬಂಧಗಳಿರುವವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ 50% ಹೆಚ್ಚು ಎಂದು ಕಂಡುಬಂತು. ಆದರೆ ಅಲ್ಲಿ ಅಳೆದದ್ದು ಬರೀ ಒಂಟಿತನದ ಭಾವನೆಯನ್ನಲ್ಲ. ಬೆಂಬಲ, ಒಡನಾಟ, ಸಮುದಾಯದಲ್ಲಿ ಬೆರೆಯುವಿಕೆ ಎಲ್ಲವೂ ಅದರಲ್ಲಿ ಸೇರಿತ್ತು. ಸುದ್ದಿಯ ತಲೆಬರಹದಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಕಾಯಿಲೆ ಬಂದದ್ದಕ್ಕೆ ಒಂಟಿಯಾದರೋ, ಒಂಟಿಯಾದದ್ದಕ್ಕೆ ಕಾಯಿಲೆ ಬಂತೋ? 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬ್ರಿಟನ್ನಿನ ದೊಡ್ಡ ಆರೋಗ್ಯ ಮಾಹಿತಿ ಭಂಡಾರವನ್ನು ಬಳಸಿ ಇದನ್ನೇ ಕೇಳಿತು. ಒಂಟಿತನಕ್ಕೂ ಹಲವು ಕಾಯಿಲೆಗಳಿಗೂ ನಂಟು ಕಂಡಿತು. ಆದರೆ ಆನುವಂಶಿಕ ಮಾಹಿತಿ ಇಟ್ಟುಕೊಂಡು ಪರೀಕ್ಷಿಸಿದಾಗ, ಬಹುಪಾಲು ಕಾಯಿಲೆಗಳಿಗೆ ಒಂಟಿತನವೇ ನೇರ ಕಾರಣ ಎನ್ನಲು ಪುರಾವೆ ಸಿಗಲಿಲ್ಲ. ಹಾಗಂತ ಒಂಟಿತನವನ್ನು ಕಡೆಗಣಿಸಬಹುದು ಅಂತಲ್ಲ. ಬಡತನ, ಕಾಯಿಲೆ, ನಿರುದ್ಯೋಗ, ಒಂಟಿತನ ಇವು ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ಒಂದನ್ನು ಮಾತ್ರ ಬಿಡಿಸಿ ತೆಗೆದು ಚಿಕಿತ್ಸೆ ಕೊಡುತ್ತೇವೆ ಎಂದರೆ ಫಲ ಕಡಿಮೆ. ಸಮಾಜ ಹೊರಗಿಟ್ಟವರ ವಿಷಯದಲ್ಲಂತೂ ಇದು ಇನ್ನೂ ನಿಜ.

ಹೊರಗಿಟ್ಟಾಗ ಏನಾಗುತ್ತದೆ

ಹಸಿವಾದರೆ ಊಟ ಹುಡುಕುತ್ತೇವೆ. ಒಂಟಿತನವೂ ಹಾಗೆಯೇ ದೇಹ ಕೊಡುವ ಒಂದು ಸೂಚನೆ, ಜನರ ಬಳಿ ಹೋಗು ಎಂದು ಅದು ನಮ್ಮನ್ನು ತಳ್ಳುತ್ತದೆ ಎಂದು ಮನೋವಿಜ್ಞಾನಿ ಜಾನ್ ಕ್ಯಾಸಿಯೊಪ್ಪೊ ವಿವರಿಸಿದ್ದರು. ಎಲ್ಲ ಸರಿಯಿದ್ದರೆ ಆ ಸೂಚನೆ ತನ್ನ ಕೆಲಸ ಮಾಡುತ್ತದೆ. ಬೇಸರವಾಯಿತು, ಯಾರನ್ನೋ ಹೋಗಿ ಮಾತನಾಡಿಸಿದೆವು, ಮನಸ್ಸು ಹಗುರವಾಯಿತು.

ಸಮಾಜ ದೂರ ಇಟ್ಟವರಿಗೆ ಈ ಸರಪಳಿ ನಡುವೆಯೇ ಕಡಿದುಹೋಗುತ್ತದೆ. ಜನರ ಬಳಿ ಹೋಗು ಎಂದು ಒಳಗಿನಿಂದ ಸೂಚನೆ ಬರುತ್ತದೆ. ಹೋದಾಗಲೆಲ್ಲ ಪೆಟ್ಟು ತಿಂದ ಅನುಭವ ಇನ್ನೊಂದು ಕಡೆ ಇದೆ. ಆದ್ದರಿಂದ ಮನಸ್ಸು ಸದಾ ಕಾವಲು ಕಾಯುತ್ತದೆ. ಎದುರಿನವರು ಉತ್ತರ ಕೊಡುವುದು ಒಂದು ಕ್ಷಣ ತಡವಾದರೂ ಅದು ತಿರಸ್ಕಾರದಂತೆ ಕಾಣುತ್ತದೆ. ಆಗ ಅವರು ಹಿಂದೆ ಸರಿಯುತ್ತಾರೆ, ಇಲ್ಲವೇ ಗಡುಸಾಗಿ ಮಾತನಾಡುತ್ತಾರೆ. ನೋಡಿದವರು ಇವರಿಗೆ ಜನ ಬೇಡ ಎಂದುಕೊಳ್ಳುತ್ತಾರೆ. ದೂರ ಇನ್ನಷ್ಟು ಹೆಚ್ಚುತ್ತದೆ. ಇದು ಅವರ ಸ್ವಭಾವದ ದೋಷವಲ್ಲ. ಮತ್ತೆ ಮತ್ತೆ ನೋವಾದ ಕಡೆ ಎಚ್ಚರದಿಂದ ಇರುವುದನ್ನು ಅವರು ಕಲಿತಿದ್ದಾರೆ, ಅಷ್ಟೇ.

ಮುಚ್ಚಿಡುವುದರಿಂದ ಬರುವ ಒಂಟಿತನ ಬೇರೆ. ಎಚ್‌ಐವಿ ಇರುವುದನ್ನು, ಜೈಲಿಗೆ ಹೋಗಿಬಂದದ್ದನ್ನು, ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವುದನ್ನು, ತನ್ನ ಲಿಂಗತ್ವವನ್ನು ಬಚ್ಚಿಟ್ಟುಕೊಂಡು ಬದುಕುವವರಿಗೆ ಗೆಳೆಯರು ಇರಬಹುದು. ಆದರೆ ಆ ಗೆಳೆಯರು ಇಷ್ಟಪಡುವುದು ತನ್ನನ್ನಲ್ಲ, ತಾನು ತೋರಿಸಿಕೊಂಡ ಮುಖವನ್ನು ಎಂಬ ಅರಿವು ಅವರನ್ನು ಬಿಡುವುದಿಲ್ಲ. ಇಂಥವರನ್ನು ಇನ್ನಷ್ಟು ಜನರ ನಡುವೆ ಕೂರಿಸಿದರೆ ಒಂಟಿತನ ಕಡಿಮೆಯಾಗುವುದಿಲ್ಲ. ಮುಚ್ಚಿಡಬೇಕಾದ ಅಗತ್ಯವೇ ಇಲ್ಲದ ಜಾಗ ಅವರಿಗೆ ಬೇಕು.

ಇನ್ನು ಹಣದ ವಿಷಯ. ಸ್ನೇಹಕ್ಕೆ ದುಡ್ಡು ಬೇಕಿಲ್ಲ ಎಂದು ಹೇಳುವುದು ಸುಲಭ. ಯಾರಾದರೂ ಕರೆದರೆ ಹೋಗಲು ಬಸ್ಸಿನ ಖರ್ಚು ಬೇಕು. ಒಮ್ಮೆ ಹೋದ ಮೇಲೆ ಅವರನ್ನೂ ಕರೆಯಬೇಕು. ಮುಯ್ಯಿ ತೀರಿಸಲಾಗದ ಸಂಬಂಧ ಭಾರವಾಗುತ್ತದೆ. ಹಾಗಾಗಿ ಬಡವರು ಎಷ್ಟೋ ಸಲ ಆಹ್ವಾನವನ್ನು ತಾವೇ ತಪ್ಪಿಸಿಕೊಳ್ಳುತ್ತಾರೆ. ಬಡ ದೇಶಗಳಲ್ಲಿ ಒಂಟಿತನ ಜಾಸ್ತಿ ಇರುವುದಕ್ಕೆ ಇದು ಒಂದು ಕಾರಣವಾಗಿರಬಹುದು. ದುಡಿಮೆಗಾಗಿ ಊರು ಬಿಡುವುದು, ಆರೋಗ್ಯ ಸೇವೆ ಸಿಗದಿರುವುದು, ಸೇರಲು ಸಾರ್ವಜನಿಕ ಜಾಗವೇ ಇಲ್ಲದಿರುವುದು ಇವೂ ಕೂಡಿಕೊಳ್ಳುತ್ತವೆ. ಕೂಡುಕುಟುಂಬದ ನಡುವೆ ಇದ್ದರೂ ಆ ಕುಟುಂಬ ಒಪ್ಪದ ಬದುಕನ್ನು ಬದುಕುವವರಿಗೆ ಆ ಮನೆ ಆಸರೆಯಾಗುವುದಿಲ್ಲ.

ಸಹಾಯವೇ ಸಂಬಂಧ ಕಡಿದಾಗ

ಒಳ್ಳೆಯ ಉದ್ದೇಶದ ಸೇವೆಗಳೂ ಕೆಲವೊಮ್ಮೆ ಒಂಟಿತನವನ್ನು ಹೆಚ್ಚಿಸುತ್ತವೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಪ್ಪಿಕೊಳ್ಳದೆ ಮುಂದೆ ಹೋಗಲಾಗದು.

ಕುಡಿತ ಬಿಡಬೇಕೆಂದು ಬಂದವರಿಗೆ ನಾವು ಕೊಡುವ ಮೊದಲ ಸಲಹೆ ಏನು? ಕುಡಿಯುವ ಗೆಳೆಯರಿಂದ ದೂರವಿರಿ. ಸಲಹೆ ಸರಿ. ಆದರೆ ಹಲವರಿಗೆ ಅವರೇ ಉಳಿದಿರುವ ಏಕೈಕ ಬಳಗ. ಚಿಕಿತ್ಸೆ ಆ ಬಳಗವನ್ನು ಬಿಡಿಸುತ್ತದೆ, ಹೊಸದನ್ನು ಕೊಡುವುದಿಲ್ಲ. ಮೂರು ತಿಂಗಳಿಗೆ ಚಿಕಿತ್ಸೆ ಮುಗಿಯುತ್ತದೆ, ಸಂಜೆಗಳು ಖಾಲಿಯಾಗಿ ಉಳಿಯುತ್ತವೆ. ಆ ಮನುಷ್ಯ ಹಳೆಯ ಜಾಗಕ್ಕೆ ಮರಳಿದರೆ ಮನಸ್ಸು ಗಟ್ಟಿ ಇಲ್ಲ ಎಂದು ಅವನನ್ನೇ ದೂರುತ್ತೇವೆ.

ಮನೆಯಿಲ್ಲದವರ ವಿಷಯದಲ್ಲೂ ಇದೇ ಪಾಠ ಸಿಕ್ಕಿದೆ. ಮೊದಲು ಮನೆ ಕೊಡಿ, ಉಳಿದದ್ದನ್ನು ಆಮೇಲೆ ನೋಡೋಣ ಎಂಬ ವಿಧಾನ 1992ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಯಿತು. ಕೆನಡಾ 2009ರಿಂದ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿತು. ಮನೆಯಲ್ಲಿ ನೆಲೆ ನಿಲ್ಲುವ ವಿಷಯದಲ್ಲಿ ಫಲಿತಾಂಶ ತುಂಬಾ ಚೆನ್ನಾಗಿತ್ತು. ಆದರೆ ನೆರೆಹೊರೆಯಲ್ಲಿ ಬೆರೆಯುವುದು, ತನ್ನವರು ಎನ್ನುವ ಭಾವನೆ ಬೆಳೆಯುವುದು ಅದೇ ಮಟ್ಟಕ್ಕೆ ಏರಲಿಲ್ಲ. ಯಾಕೆ? ಬೀದಿಯಲ್ಲಿದ್ದಾಗ ಸುತ್ತ ಪರಿಚಯದವರಾದರೂ ಇದ್ದರು. ಹೊಸ ಮನೆಯಲ್ಲಿ ನಾಲ್ಕು ಗೋಡೆ ಮಾತ್ರ. ಮನೆ ಕೊಟ್ಟದ್ದು ತಪ್ಪಲ್ಲ, ಅದು ಅಗತ್ಯವಾಗಿತ್ತು. ಆದರೆ ಮನೆಯ ಕೀಲಿಯ ಜೊತೆ ಬಳಗ ತಾನಾಗಿ ಬರುತ್ತದೆ ಎಂಬ ಲೆಕ್ಕ ತಪ್ಪಿತು.

ಇನ್ನೊಂದು ಸೂಕ್ಷ್ಮ ತೊಂದರೆ ಇದೆ. ಬೌದ್ಧಿಕ ಅಂಗವೈಕಲ್ಯ ಇರುವ ಹಲವರ ಬದುಕಿನಲ್ಲಿ ಮನೆಯವರನ್ನು ಬಿಟ್ಟರೆ ಉಳಿಯುವವರು ಸಂಬಳಕ್ಕೆ ಕೆಲಸ ಮಾಡುವ ಸಿಬ್ಬಂದಿ ಮಾತ್ರ. ಅವರಲ್ಲಿ ಒಳ್ಳೆಯವರು, ಪ್ರೀತಿಯಿಂದ ನೋಡಿಕೊಳ್ಳುವವರು ಬಹಳ ಜನ. ಆದರೂ ಯೋಜನೆ ಮುಗಿದರೆ ಅವರು ಹೋಗುತ್ತಾರೆ, ವರ್ಗವಾದರೆ ಹೋಗುತ್ತಾರೆ. ನಂಬಿದವರು ಹೀಗೆ ಮತ್ತೆ ಮತ್ತೆ ಹೊರಟುಹೋದರೆ, ಯಾರನ್ನೂ ನಂಬದಿರುವುದೇ ಕ್ಷೇಮ ಎಂದು ಮನಸ್ಸು ತೀರ್ಮಾನಿಸುತ್ತದೆ.

ಮನಸ್ಸು ತಿದ್ದಬೇಕೋ, ಸಮಾಜ ತಿದ್ದಬೇಕೋ

ಇಲ್ಲಿ ತಜ್ಞರ ನಡುವೆ ನಿಜವಾದ ಜಗಳ ಇದೆ. 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಒಂಟಿತನ ಕಡಿಮೆ ಮಾಡುವ ನಾಲ್ಕು ಬಗೆಯ ಪ್ರಯತ್ನಗಳನ್ನು ಹೋಲಿಸಿತು. ಬೆರೆಯುವ ಕೌಶಲ ಕಲಿಸುವುದು, ಬೆಂಬಲ ಕೊಡುವುದು, ಜನರನ್ನು ಭೇಟಿಯಾಗುವ ಅವಕಾಶ ಹೆಚ್ಚಿಸುವುದು, ಇತರರ ಬಗ್ಗೆ ಇರುವ ತಪ್ಪು ಗ್ರಹಿಕೆಗಳನ್ನು ಸರಿಪಡಿಸುವುದು. ಕೊನೆಯದೇ ಹೆಚ್ಚು ಪರಿಣಾಮಕಾರಿ ಎಂದು ಕಂಡಿತು. ಜನರನ್ನು ಸುಮ್ನೆ ಒಂದು ಕಡೆ ಸೇರಿಸಿದರೆ ಸಾಲದು ಎಂಬ ಮಾತಿಗೆ ಇದರಿಂದ ಬಲ ಬಂತು. ಒಂಟಿತನದ ಚಿಕಿತ್ಸೆ ಎಂದರೆ ಮನಸ್ಸಿನ ಚಿಕಿತ್ಸೆ ಎಂಬ ಕಡೆಗೆ ಹಲವರು ವಾಲಿದರು.

ಇದಕ್ಕೆ ಎದುರು ವಾದ ಹೀಗಿದೆ. ಎಲ್ಲರೂ ನನ್ನನ್ನು ದೂರ ಇಡುತ್ತಾರೆ ಎಂದು ಒಬ್ಬರು ಹೇಳಿದಾಗ ಅದು ತಪ್ಪು ಗ್ರಹಿಕೆಯೇ ಆಗಿರಬೇಕೆಂದಿಲ್ಲ. ಅದು ನಿಜವೂ ಆಗಿರಬಹುದು. ಜಾತಿಯ, ಬಣ್ಣದ, ಲಿಂಗದ, ಕಾಯಿಲೆಯ ಕಾರಣಕ್ಕೆ ನಿಜವಾಗಿಯೂ ಹೊರಗೆ ಹಾಕಿಸಿಕೊಂಡವರಿಗೆ ನಿಮ್ಮ ಯೋಚನೆ ತಿದ್ದಿಕೊಳ್ಳಿ ಎಂದರೆ ಅನ್ಯಾಯದ ಹೊಣೆಯನ್ನು ಅನ್ಯಾಯಕ್ಕೆ ಒಳಗಾದವರ ತಲೆಗೆ ಕಟ್ಟಿದ ಹಾಗೆ. ಅವರ ಗ್ರಹಿಕೆ ಸರಿಯಾಗಿಯೇ ಇದೆ. ತಿದ್ದಬೇಕಾದದ್ದು ಅವರನ್ನು ಒಳಗೆ ಬಿಡದವರನ್ನು.

ಈ ಎರಡನೆಯ ವಾದ ನೈತಿಕವಾಗಿ ಹೆಚ್ಚು ಸರಿ. ಆದರೆ ಅದಷ್ಟನ್ನೇ ಹಿಡಿದುಕೊಂಡರೂ ಕೆಲಸ ಆಗುವುದಿಲ್ಲ. ಸಮಾಜ ಬದಲಾಗಲು ದಶಕಗಳು ಬೇಕು. ಆ ವ್ಯಕ್ತಿಗೆ ಜೊತೆ ಬೇಕಾಗಿರುವುದು ಈ ವಾರ. ಅಲ್ಲದೆ ಕಾವಲು ಕಾಯುವ ಮನಸ್ಸು, ನಿಜವಾಗಿ ಪ್ರೀತಿಯಿಂದ ಬಂದವರನ್ನೂ ಅನುಮಾನಿಸುತ್ತದೆ. ಹಾಗಾದರೆ ಆ ಭಯ ಹೇಗೆ ಸಡಿಲವಾಗುತ್ತದೆ? ಮಾತಿನಿಂದ ಅಲ್ಲ, ಅನುಭವದಿಂದ. ಇಲ್ಲಿ ನನ್ನನ್ನು ಹೊರಗೆ ಹಾಕುವುದಿಲ್ಲ ಎಂಬ ಅನುಭವ ಹತ್ತಾರು ಸಲ ಆದರೆ ಮನಸ್ಸು ತಾನಾಗಿ ಕಾವಲು ಇಳಿಸುತ್ತದೆ. ಅಂಥ ಅನುಭವ ಸಿಗುವ ಜಾಗವನ್ನು ಕಟ್ಟುವುದೇ ಸಮುದಾಯ ಸೇವೆಯ ಅಸಲು ಕೆಲಸ. ಹೀಗೆ ನೋಡಿದರೆ ಆ ಜಗಳದ ಎರಡೂ ತುದಿಗಳು ಒಂದೇ ಕಡೆ ಬಂದು ಸೇರುತ್ತವೆ.

ಇನ್ನೊಂದು ಗುಂಪಿನ ಆಕ್ಷೇಪವನ್ನೂ ಕೇಳಬೇಕು. ಒಂಟಿತನವನ್ನು ಆರೋಗ್ಯದ ಸಮಸ್ಯೆ ಮಾಡಿದರೆ ಬಡತನ, ನಿರುದ್ಯೋಗ, ತಾರತಮ್ಯದ ಪ್ರಶ್ನೆಗಳು ಹಿಂದೆ ಸರಿಯುತ್ತವೆ ಎನ್ನುವುದು ಅವರ ಭಯ. ಬ್ರಿಟನ್ ಸಚಿವರನ್ನು ನೇಮಿಸಿದಾಗ ಅಲ್ಲಿನ ಟೀಕಾಕಾರರು ಇದನ್ನೇ ಹೇಳಿದರು. ಒಂದು ಕೈಯಲ್ಲಿ ಒಂಟಿತನದ ನೀತಿ, ಇನ್ನೊಂದು ಕೈಯಲ್ಲಿ ಗ್ರಂಥಾಲಯ ಮತ್ತು ಯುವಕೇಂದ್ರಗಳ ಅನುದಾನಕ್ಕೆ ಕತ್ತರಿ. ಆ ಟೀಕೆಯಲ್ಲಿ ಹುರುಳಿದೆ. ದುಡ್ಡು ಕೊಡದೆ ಬಿಟ್ಟಿಯಾಗಿ ಕೂರಬಹುದಾದ ಜಾಗಗಳು ಮುಚ್ಚಿದಾಗ ಮೊದಲು ಬೀದಿಗೆ ಬೀಳುವವರು ಬೇರೆಲ್ಲೂ ಹೋಗಲಾಗದವರೇ.

ಬೇಕಾದವರಾಗುವುದು

ಹೊರಗುಳಿದವರಿಗೆ ಸಹಾಯ ಎಂದಾಗ ನಮಗೆ ಮೊದಲು ಹೊಳೆಯುವುದು ಭೇಟಿ. ಸ್ವಯಂಸೇವಕರೊಬ್ಬರು ವಾರಕ್ಕೊಮ್ಮೆ ಮನೆಗೆ ಹೋಗಿ ಮಾತನಾಡಿಸುತ್ತಾರೆ. ಹಾಸಿಗೆ ಹಿಡಿದವರಿಗೆ, ಹೊರಗೆ ಬರಲಾಗದವರಿಗೆ ಇದು ದೊಡ್ಡ ಆಸರೆ. ಆದರೆ ಇದರಲ್ಲಿ ಒಬ್ಬರು ಯಾವಾಗಲೂ ಕೊಡುವವರು, ಇನ್ನೊಬ್ಬರು ಯಾವಾಗಲೂ ಪಡೆಯುವವರು. ಜೀವನವೆಲ್ಲ ನೀನು ಯಾರಿಗೂ ಬೇಡ ಎಂದು ಕೇಳಿಸಿಕೊಂಡವರಿಗೆ ಬರೀ ಪಡೆಯುವ ಪಾತ್ರ ಆ ಮಾತನ್ನೇ ಮೆಲ್ಲಗೆ ಇನ್ನೊಮ್ಮೆ ಹೇಳುತ್ತದೆ. ನನ್ನ ಬಳಿ ಜನ ಬರುತ್ತಾರೆ ಎನ್ನುವುದು ಬೇರೆ, ನಾನು ಹೋಗದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎನ್ನುವುದು ಬೇರೆ.

ಈ ಎರಡನೆಯದನ್ನು ಅಡಿಪಾಯ ಮಾಡಿಕೊಂಡು ಬೆಳೆದ ಸೇವೆಯೊಂದು ಎಪ್ಪತ್ತೈದು ವರ್ಷಕ್ಕೂ ಹಳೆಯದು. 1940ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಮನೋರೋಗ ಆಸ್ಪತ್ರೆಯೊಂದರಿಂದ ಹೊರಬಂದ ಕೆಲವರು ಒಟ್ಟಾಗಿ ಸೇರತೊಡಗಿದರು. ತಮ್ಮ ಗುಂಪಿಗೆ ನಾವು ಒಂಟಿಯಲ್ಲ ಎಂಬ ಅರ್ಥದ ಹೆಸರು ಇಟ್ಟುಕೊಂಡರು. 1948ರಲ್ಲಿ ಅದು ಫೌಂಟನ್ ಹೌಸ್ ಎಂಬ ಕೇಂದ್ರವಾಯಿತು. ಅಲ್ಲಿಗೆ ಬರುವವರನ್ನು ರೋಗಿಗಳು ಎನ್ನುವುದಿಲ್ಲ, ಸದಸ್ಯರು ಎನ್ನುತ್ತಾರೆ. ಅಡುಗೆ, ಕಚೇರಿ ಕೆಲಸ, ಹೊಸಬರನ್ನು ಬರಮಾಡಿಕೊಳ್ಳುವುದು ಎಲ್ಲವನ್ನೂ ಸದಸ್ಯರು ಮತ್ತು ಸಿಬ್ಬಂದಿ ಸೇರಿ ಮಾಡುತ್ತಾರೆ. ಕ್ಲಬ್‌ಹೌಸ್ ಎಂದು ಕರೆಯುವ ಈ ಮಾದರಿಯ ಕೇಂದ್ರಗಳು ಈಗ ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿವೆ.

ಈ ಮಾದರಿಯ ನಿಯಮಗಳಲ್ಲಿ ಒಂದನ್ನು ಗಮನವಿಟ್ಟು ನೋಡಬೇಕು. ಸಿಬ್ಬಂದಿ ಸಂಖ್ಯೆಯನ್ನು ಬೇಕೆಂದೇ ಕಡಿಮೆ ಇಡುತ್ತಾರೆ. ಸದಸ್ಯರು ಕೈಜೋಡಿಸದಿದ್ದರೆ ಕೆಲಸ ನಡೆಯಲೇಬಾರದು, ಅಷ್ಟು ಕಡಿಮೆ. ಬೇರೆ ಸೇವೆಗಳಲ್ಲಿ ಸಿಬ್ಬಂದಿ ಕೊರತೆ ಎಂದರೆ ದೋಷ. ಇಲ್ಲಿ ಅದೇ ತಂತ್ರ. ಯಾರಾದರೂ ಬರುವುದನ್ನು ನಿಲ್ಲಿಸಿದರೆ ಅವರನ್ನು ವಿಚಾರಿಸಿ ಕರೆಯುವ ಪದ್ಧತಿಯೂ ಇದೆ. ಸದಸ್ಯತ್ವಕ್ಕೆ ಕಾಲಮಿತಿ ಇಲ್ಲ. ಹತ್ತು ವಾರ ಮುಗಿಯಿತು, ಇನ್ನು ಬರಬೇಡಿ ಎಂದು ಯಾರೂ ಹೇಳುವುದಿಲ್ಲ. ಹೊರಗೆ ಹಾಕಿಸಿಕೊಂಡು ದಣಿದವರಿಗೆ ಇದರ ಬೆಲೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಜಿಂಬಾಬ್ವೆಯ ಉದಾಹರಣೆ ಬೇರೆ ದಿಕ್ಕಿನಿಂದ ಬಂದದ್ದು. ಅಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. 2006ರಲ್ಲಿ ಹರಾರೆಯ ಎಂಬಾರೆ ಎಂಬ ಬಡಾವಣೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 14 ಅಜ್ಜಿಯರಿಗೆ ತರಬೇತಿ ಕೊಟ್ಟು ಫ್ರೆಂಡ್‌ಶಿಪ್ ಬೆಂಚ್ ಶುರುಮಾಡಿದರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ನೊಂದು ಬಂದವರು. ಆರು ಭೇಟಿಗಳಲ್ಲಿ ಒಂದೊಂದೇ ಕಷ್ಟವನ್ನು ಎತ್ತಿಕೊಂಡು ದಾರಿ ಹುಡುಕುತ್ತಾರೆ. 24 ಚಿಕಿತ್ಸಾಲಯಗಳಲ್ಲಿ 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳು, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆ ಇದ್ದವು. ಭಾಗವಹಿಸಿದವರಲ್ಲಿ ಎಚ್‌ಐವಿ ಇರುವವರು ದೊಡ್ಡ ಸಂಖ್ಯೆಯಲ್ಲಿದ್ದರು.

ಅಲ್ಲಿ ಅಳೆದದ್ದು ಖಿನ್ನತೆ, ಒಂಟಿತನವಲ್ಲ. ಆ ಮಿತಿಯನ್ನು ನೆನಪಿಡಬೇಕು. ಆದರೂ ಆ ಯೋಜನೆಯ ರಚನೆಯಲ್ಲಿ ನಮಗೆ ಬೇಕಾದ ಒಂದು ಅಂಶ ಇದೆ. ಬೆಂಚಿನಿಂದ ಎದ್ದವರನ್ನು ಮನೆಗೆ ಕಳುಹಿಸಿ ಸುಮ್ಮನಾಗುವುದಿಲ್ಲ. ಅದೇ ದಾರಿಯಲ್ಲಿ ಬಂದವರ ಗುಂಪಿಗೆ ಸೇರಲು ಕರೆಯುತ್ತಾರೆ. ಅಲ್ಲಿ ಕೈಯಲ್ಲಿ ಹೆಣಿಗೆ, ಬಾಯಲ್ಲಿ ಮಾತು. ಒಬ್ಬರ ಎದುರು ಗುಟ್ಟು ಬಿಚ್ಚಿದವರು ಮೆಲ್ಲಗೆ ಹತ್ತು ಜನರ ನಡುವೆ ಕೂರುವಂತಾಗುತ್ತಾರೆ. ವೈಸ್ ಹೇಳಿದ ಆಪ್ತರಿಲ್ಲದ ನೋವು, ಬಳಗವಿಲ್ಲದ ನೋವು ಎರಡಕ್ಕೂ ಒಂದರ ನಂತರ ಒಂದು ಜಾಗ ಸಿಗುತ್ತದೆ.

ಬೆಲ್ಜಿಯಂನ ಹೀಲ್ ಪಟ್ಟಣ ಶತಮಾನಗಳಿಂದ ಇನ್ನೂ ದೂರ ಹೋಗಿದೆ. ಮಾನಸಿಕ ಕಾಯಿಲೆ ಇರುವವರನ್ನು ಅಲ್ಲಿನ ಕುಟುಂಬಗಳು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತವೆ. 1930ರ ದಶಕದ ಕೊನೆಯಲ್ಲಿ ಹೀಗೆ ಮನೆಗಳಲ್ಲಿ ಇದ್ದವರು 3,700ಕ್ಕೂ ಹೆಚ್ಚು. ಈಗ ಆ ಸಂಖ್ಯೆ ಬಹಳ ಇಳಿದಿದೆ. ಎಲ್ಲ ಊರುಗಳೂ ಹೀಲ್ ಆಗಲಾರವು. ಆದರೆ ವಿಚಿತ್ರವಾಗಿ ಕಾಣುವವರನ್ನು ನೋಡಿ ನೋಡಿ ರೂಢಿಯಾದ ಊರಿನಲ್ಲಿ ಭಯ ಕರಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ದಾರಿ ತೋರಿಸುವವರು ಮತ್ತು ದಾರಿಯ ಕೊನೆ

ಈಗ ಹೆಚ್ಚು ಸುದ್ದಿಯಲ್ಲಿರುವ ವಿಧಾನ ಇನ್ನೊಂದು. ವೈದ್ಯರು ಮಾತ್ರೆಯ ಬದಲು ಸಮುದಾಯದ ಚಟುವಟಿಕೆಯನ್ನು ಬರೆದುಕೊಡುವುದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2019ರಲ್ಲಿ ಇದಕ್ಕಾಗಿ ಸಾವಿರಕ್ಕೂ ಹೆಚ್ಚು ಸಂಪರ್ಕ ಕಾರ್ಯಕರ್ತರನ್ನು ನೇಮಿಸುವ ಯೋಜನೆ ಹಾಕಿತು. 2024ರ ಹೊತ್ತಿಗೆ ಒಂಬತ್ತು ಲಕ್ಷ ಜನರನ್ನು ಹೀಗೆ ಕಳುಹಿಸುವ ಗುರಿ ಇಟ್ಟುಕೊಂಡಿತು. ಕಾರ್ಯಕರ್ತರು ವ್ಯಕ್ತಿಯ ಜೊತೆ ಕೂತು ಅವರಿಗೆ ಏನು ಇಷ್ಟ, ಏನು ತಡೆಯುತ್ತಿದೆ ಎಂದು ಕೇಳುತ್ತಾರೆ. ತೋಟಗಾರಿಕೆ ಗುಂಪಿಗೋ ಹಾಡುವ ಗುಂಪಿಗೋ ಜೊತೆ ಮಾಡುತ್ತಾರೆ.

ವಿಚಾರ ಒಳ್ಳೆಯದು. ಎರಡು ಕಡೆ ಮಾತ್ರ ತೊಡಕಿದೆ. ಹೊರಗುಳಿದವರಲ್ಲಿ ಹಲವರು ವೈದ್ಯರ ಬಳಿಗೇ ಹೋಗುವುದಿಲ್ಲ. ಕಾಗದಪತ್ರ ಇಲ್ಲದ ವಲಸಿಗರು, ಹಿಂದೆ ಅವಮಾನ ಅನುಭವಿಸಿದ ಟ್ರಾನ್ಸ್ ಜನರು ಆಸ್ಪತ್ರೆಯ ಬಾಗಿಲನ್ನು ತಪ್ಪಿಸಿಕೊಂಡೇ ಬದುಕುತ್ತಾರೆ. ಹಾಗಾಗಿ ಸೇವೆಯೇ ಅವರಿರುವಲ್ಲಿಗೆ ಹೋಗಬೇಕು. ಎರಡನೆಯದು, ಕಳುಹಿಸುವವರು ಹೆಚ್ಚಾದರು, ಬರಮಾಡಿಕೊಳ್ಳುವ ಗುಂಪುಗಳು ಹೆಚ್ಚಾಗಲಿಲ್ಲ ಎಂದರೆ ಏನಾಗುತ್ತದೆ? ಸಣ್ಣ ಸಂಘವೊಂದಕ್ಕೆ ಇದ್ದಕ್ಕಿದ್ದಂತೆ ಕಷ್ಟದಲ್ಲಿರುವ ಮೂವತ್ತು ಜನ ಬರುತ್ತಾರೆ. ಅವರನ್ನು ನೋಡಿಕೊಳ್ಳಲು ಅದರ ಬಳಿ ಜನವೂ ಇಲ್ಲ, ದುಡ್ಡೂ ಇಲ್ಲ. ಬಂದವರು ಮೂಲೆಯಲ್ಲಿ ಕೂತು, ಎರಡನೆಯ ವಾರದಿಂದ ಬರುವುದನ್ನು ಬಿಡುತ್ತಾರೆ. ಅವರ ಲೆಕ್ಕಕ್ಕೆ ಇನ್ನೊಂದು ತಿರಸ್ಕಾರ ಸೇರುತ್ತದೆ.

ಹೆಸರಿನ ವಿಷಯವೂ ಸಣ್ಣದಲ್ಲ. ಒಂಟಿಯಾದವರ ಗುಂಪು ಎಂದು ಫಲಕ ಹಾಕಿದ ಕೋಣೆಯೊಳಗೆ ಯಾರೂ ಹೆಜ್ಜೆ ಇಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಹುಟ್ಟಿದ ಮೆನ್ಸ್ ಶೆಡ್‌ಗಳಿಗೆ ಗಂಡಸರು ಬರುವುದು ಮರಗೆಲಸಕ್ಕೆ, ರಿಪೇರಿಗೆ. ಮಾತು ಅದರ ಜೊತೆ ಬರುತ್ತದೆ.

ಚಾಟ್‌ಬಾಟ್‌ಗಳ ಬಗ್ಗೆ ಒಂದು ಮಾತು. ಅವು ತಿರಸ್ಕರಿಸುವುದಿಲ್ಲ, ರಾತ್ರಿ ಎರಡು ಗಂಟೆಗೂ ಉತ್ತರಿಸುತ್ತವೆ. ಮಾತನಾಡುವುದನ್ನೇ ಮರೆತವರಿಗೆ ಅಭ್ಯಾಸಕ್ಕೆ ನೆರವಾಗಬಹುದು. ಆದರೆ ಅವಕ್ಕೆ ನಾವು ಬೇಕಾಗಿಲ್ಲ. ಹೊರಗುಳಿದವರಿಗೆ ಇಲ್ಲದಿರುವುದು ಅದೇ.

ಮುಂದೆ ಏನಾಗಬಹುದು

ಸರ್ಕಾರಗಳು ಈಗ ಈ ವಿಷಯವನ್ನು ಕೈಗೆತ್ತಿಕೊಳ್ಳುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ವರದಿ ನೀತಿ, ಸಂಶೋಧನೆ, ಸೇವೆ, ಅಳತೆ, ಜನಜಾಗೃತಿ ಎಂಬ ಐದು ಕಡೆ ಕೆಲಸ ಆಗಬೇಕು ಎನ್ನುತ್ತದೆ. ಜನರ ನಡುವಿನ ಸಂಬಂಧವನ್ನು ಅಳೆಯಲು ಜಾಗತಿಕ ಸೂಚ್ಯಂಕವೊಂದು ಬೇಕು ಎಂದೂ ಹೇಳುತ್ತದೆ. ಜಪಾನಿನ ಕಾನೂನು ಸ್ಥಳೀಯ ಆಡಳಿತ ಮತ್ತು ಸ್ವಯಂಸೇವಾ ಸಂಸ್ಥೆಗಳು ಒಟ್ಟಿಗೆ ಕೂರುವ ಮಂಡಳಿಗಳನ್ನು ರಚಿಸಲು ಸೂಚಿಸಿದೆ. ಆ ದೇಶಕ್ಕೆ ಇದು ಎಷ್ಟು ತುರ್ತು ಎಂಬುದು ಅಲ್ಲಿನ ಪೊಲೀಸ್ ಇಲಾಖೆಯ ಲೆಕ್ಕದಿಂದ ತಿಳಿಯುತ್ತದೆ. 2024ರಲ್ಲಿ ಒಬ್ಬರೇ ವಾಸಿಸುತ್ತಾ ಮನೆಯಲ್ಲೇ ತೀರಿಕೊಂಡವರು 76,020 ಜನ.

ಅಳತೆಯ ವಿಷಯದಲ್ಲೇ ದಾರಿ ಕವಲೊಡೆಯುತ್ತದೆ. ಯಾವುದನ್ನು ಅಳೆಯುತ್ತೇವೋ ಸೇವೆ ಅದರ ಕಡೆಗೇ ಬಾಗುತ್ತದೆ. ಎಷ್ಟು ಭೇಟಿ ಆಯಿತು, ಎಷ್ಟು ಕರೆ ಬಂತು ಎಂದು ಎಣಿಸಿದರೆ ಸಂಸ್ಥೆಗಳು ಭೇಟಿಗಳನ್ನೂ ಕರೆಗಳನ್ನೂ ಹೆಚ್ಚಿಸುತ್ತವೆ. ಸುಲಭವಾಗಿ ಸಿಗುವವರು, ಬೇಗ ಸುಧಾರಿಸುವವರು ಮೊದಲು ಲೆಕ್ಕಕ್ಕೆ ಬರುತ್ತಾರೆ. ಬಾಗಿಲು ತೆರೆಯಲು ಆರು ತಿಂಗಳು ತೆಗೆದುಕೊಳ್ಳುವವರು ಖರ್ಚಿನ ಬಾಬತ್ತಾಗಿ ಕಾಣುತ್ತಾರೆ. ಒಂಟಿತನದ ಪ್ರಶ್ನಾವಳಿಗಳಲ್ಲೂ ಹೆಚ್ಚಾಗಿ ಕಾಣೆಯಾಗುವವರು ಇವರೇ. ಸಮೀಕ್ಷೆ ಮನೆ ಮನೆಗೆ ಹೋಗುತ್ತದೆ, ಮನೆ ಇಲ್ಲದವರನ್ನು, ಕಾರಾಗೃಹದಲ್ಲಿರುವವರನ್ನು ಅದು ಮುಟ್ಟುವುದಿಲ್ಲ.

ಬೇರೆ ಪ್ರಶ್ನೆಗಳನ್ನು ಕೇಳಬಹುದು. ಒಂದು ವರ್ಷದ ನಂತರ ಈ ವ್ಯಕ್ತಿಯ ಬದುಕಿನಲ್ಲಿ ಸಂಬಳವಿಲ್ಲದೆ ಬರುವವರು ಎಷ್ಟು ಜನ? ಅವರು ಗೈರಾದರೆ ಯಾರಾದರೂ ವಿಚಾರಿಸುತ್ತಾರೆಯೇ? ಪಡೆಯಲು ಬಂದವರಲ್ಲಿ ಎಷ್ಟು ಜನ ಈಗ ಇತರರಿಗೆ ಕೊಡುತ್ತಿದ್ದಾರೆ? ಸೇವೆಯನ್ನು ನಡೆಸುವ ಸಮಿತಿಯಲ್ಲಿ ಅದನ್ನು ಬಳಸುವವರು ಕೂತಿದ್ದಾರೆಯೇ? ಇವನ್ನು ಎಣಿಸುವುದು ಕಷ್ಟವೇನಲ್ಲ. ಆದರೆ ಉತ್ತರ ಬರಲು ಸಮಯ ಬೇಕು.

ಆ ಸಮಯಕ್ಕೆ ಹಣ ಕೊಡುವವರು ಯಾರು ಎಂಬಲ್ಲಿ ಎಲ್ಲವೂ ನಿಲ್ಲುತ್ತದೆ. ಬಹುಪಾಲು ಅನುದಾನ ಒಂದು ಅಥವಾ ಎರಡು ವರ್ಷದ್ದು. ನಂಬಿಕೆ ಮೂಡುವ ಹೊತ್ತಿಗೆ ಯೋಜನೆ ಮುಗಿಯುತ್ತದೆ. ನಂಬಿಸಿ ಬಿಟ್ಟುಹೋಗುವುದು, ಮೊದಲೇ ಹೋಗದಿರುವುದಕ್ಕಿಂತ ಕೆಟ್ಟದ್ದಾಗಬಹುದು. ಆದ್ದರಿಂದ ಹತ್ತು ಹೊಸ ಯೋಜನೆ ಶುರುಮಾಡುವ ಬದಲು, ಈಗಾಗಲೇ ಬಾಗಿಲು ತೆರೆದಿರುವ ನಾಲ್ಕು ಜಾಗಗಳಿಗೆ ಹತ್ತು ವರ್ಷದ ಭರವಸೆ ಕೊಡುವುದು ಹೆಚ್ಚು ಫಲ ಕೊಡುತ್ತದೆ. ಅದರಲ್ಲಿ ಉದ್ಘಾಟನೆಯ ಸಮಾರಂಭ ಇರುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಮುಂದಿನ ಬಜೆಟ್‌ಗಳಲ್ಲಿ ಒಂಟಿತನಕ್ಕೆ ಎಷ್ಟು ಹಣ ಬಂತು ಎನ್ನುವುದರ ಜೊತೆಗೆ ಅದು ಎಷ್ಟು ವರ್ಷಕ್ಕೆ ಬಂತು, ಯಾರ ಕೈಗೆ ಬಂತು ಎಂಬುದನ್ನೂ ನೋಡಬೇಕು.